ಪೈಪಿಗೆ ಮುಚ್ಚಿದ ತೆಂಗಿನಕಾಯಿ

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗೆ ಹೋಗಿ ದುಡಿಯುವ ದುರುಗವ್ವನಿಗೆ ಒಬ್ಬನೇ ಮಗ, ಗುತ್ಯಪ್ಪ. ವಯಸ್ಸು ಮೂವತ್ತು. ಅವ್ವ ಹೇಳಿದ ಒಂದು ಮಾತನ್ನೂ ಮೀರುವವನಲ್ಲ. ದುರುಗವ್ವನ ಸಂಕಟವೂ ಅದೇ. ತಾನು ಹೋದಮೇಲೆ ಇವನಿಗೆ ಹೇಳುವವರು ಯಾರು?

ಸತ್ತ ಗಂಡನ ಗೆಳೆಯ ದಸ್ತಗೀರ್ ಸಾಬರಿಗೆ ಗ್ಯಾರೇಜಿತ್ತು. ಮಗನಿಗೊಂದು ಕೆಲಸ ಕೊಡಿ ಎಂದು ಹೋಗಿ ಕೇಳಿದಳು.

"ನೋಡವ್ವಾ, ಬಟ್ಟೆ ಅಂಗಡಿ ಹಾಲಸ್ವಾಮಿಯವರ ಟರ್ಬೊ ಕಾರು ಬರ್ತದೆ. ಹೊಗೆ ಸಲೀಸಾಗಿ ಹೋಗಲಿ ಅಂತ ಸೈಲೆನ್ಸರಿಗೆ ದಪ್ಪನೆ ಪೈಪು ಹಾಕಿಸ್ತಾರೆ. ಆ ಕೆಲಸ ಮುಗಿಯೋತನಕ ಇವನು ಇರಲಿ. ಹಾಲಸ್ವಾಮಿಯವರು ನಗುತ್ತಾ ಹೋದರೆ ಖಾಯಂ ಮಾಡ್ಕೋತೀನಿ."

ಮೊದಲ ದಿನ ಸಾಬರು, "ಲಾರಿ ಆಫೀಸಿಂದ ಹೊಸ ಪೈಪು ತಗೊಂಡು ಬಾ" ಅಂದರು. ಹಿಂದಿನ ವಾರ ಕುರಿಮರಿ ತಪ್ಪಿಸಿಕೊಂಡಾಗ ಅವ್ವ, ಹಗ್ಗ ಕಟ್ಟಿ ಎಳ್ಕೊಂಡು ಬರಬೇಕು ಅಂದಿದ್ದಳಲ್ಲ? ಗುತ್ಯಪ್ಪ ಪೈಪಿಗೆ ಹಗ್ಗ ಕಟ್ಟಿದ. ಟಾರು ರಸ್ತೆಯುದ್ದಕ್ಕೂ ಕಿರ್‍ರೆಂದು ಎಳೆದುಕೊಂಡು ಬಂದ. ಪೈಪಿನ ಮೈಯೆಲ್ಲ ಗೀರು.

ಅವ್ವ ಬೈದಳು. "ಅದೇನು ಕುರಿಯೇನೋ? ಬಟ್ಟೆ ಸುತ್ತಿ, ಕೂಸನ್ನ ಎತ್ಕೊಂಡಂಗೆ ಎದೆಗವಚಿ ತರಬೇಕು."

"ಆಯ್ತವ್ವಾ" ಅಂದ ಗುತ್ಯಪ್ಪ.

ಎರಡನೇ ದಿನ ಕಾರು ಬಂತು. ಸಾಬರು ಕೈಗೆ ಗ್ಲೌಸು ಹಾಕಿಕೊಂಡು ಹಳೇ ಪೈಪು ಬಿಚ್ಚಿ, "ಇದನ್ನ ಮೂಲೆಗೆ ಇಡು" ಅಂದರು. ಪೈಪು ಇನ್ನೂ ಸುಡುತ್ತಿತ್ತು. ಗುತ್ಯಪ್ಪ ಅಂಗಿ ಬಿಚ್ಚಿದ, ಪೈಪಿಗೆ ಸುತ್ತಿದ, ಎದೆಗವಚಿಕೊಂಡ. ಅಂಗಿ ಹೊಗೆಯಾಡಿತು, ಎದೆಯ ಮೇಲೆ ಬೊಬ್ಬೆ ಎದ್ದಿತು. ಆದರೂ ಕೂಸನ್ನು ಕೆಳಗೆ ಹಾಕಲಿಲ್ಲ. ಮೂಲೆಗೆ ಒಯ್ದು ಮಲಗಿಸಿಯೇ ಬಂದ.

ಅವ್ವ ಬೊಬ್ಬೆಗೆ ಎಣ್ಣೆ ಹಚ್ಚುತ್ತಾ ಬೈದಳು. "ಬಿಸಿ ಕಂಡರೆ ಮೊದಲು ನೀರು ಹಾಕಬೇಕಪ್ಪಾ."

"ಆಯ್ತವ್ವಾ."

ಮೂರನೇ ದಿನ ಹಾಲಸ್ವಾಮಿ ಕೆಲಸ ನೋಡಲು ಬಂದರು. ಗುತ್ಯಪ್ಪ ಅವರಿಗೆ ಚಹಾ ತಂದ. ಮುಟ್ಟಿ ನೋಡಿದ. ಬಿಸಿ. ಅದಕ್ಕೆ ಅರ್ಧ ಚೊಂಬು ನೀರು ಹಾಕಿದ.

ಹಾಲಸ್ವಾಮಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಸಾಬ್ರೇ, ಇದು ಚಹಾನೋ, ಲೋಟ ತೊಳೆದ ನೀರೋ?"

ಅವರು ನಗಲಿಲ್ಲ. "ನಾಳೆ ಒಂದೇ ದಿನ ಉಳಿದಿರೋದು, ನೆನಪಿರಲಿ" ಅಂದರು ಸಾಬರು ಗುತ್ಯಪ್ಪನಿಗೆ.

ಅವ್ವ ಹಣೆ ಚಚ್ಚಿಕೊಂಡಳು. "ಚಹಾಕ್ಕೆ ನೀರು ಹಾಕ್ತಾರೇನೋ? ದೊಡ್ಡೋರಿಗೆ ಕೊಡೋದನ್ನ ಧೂಳು, ನೊಣ ಹೋಗದಂಗೆ ಮುಚ್ಚಿ ಕೊಡಬೇಕು."

"ಯಾವುದರಿಂದ ಮುಚ್ಚಲಿ?"

"ಸರಿಯಾಗಿ ಕೂರೋದು ಯಾವುದಾದ್ರೂ."

"ಆಯ್ತವ್ವಾ."

ನಾಲ್ಕನೇ ದಿನ ದುರುಗವ್ವ ಭಟ್ಟಿಗೆ ಹೋಗಲಿಲ್ಲ. ಗ್ಯಾರೇಜಿನ ಗೇಟಿಗೆ ಬಂದು ನಿಂತಳು. ಗೀರು ಉಜ್ಜಿದ ಹೊಸ ಪೈಪು ಕಾರಿನಡಿ ಕೂತಿತ್ತು. ಹಾಲಸ್ವಾಮಿ ಪೂಜೆಯ ತಟ್ಟೆ ತಂದಿದ್ದರು. ಚಕ್ರಗಳಡಿ ನಿಂಬೆಹಣ್ಣು ಇಟ್ಟದ್ದಾಯಿತು.

"ಮೊದಲು ಸ್ಟಾರ್ಟ್ ಮಾಡಿ ಶಬ್ದ ಕೇಳೋಣ, ಆಮೇಲೆ ಕಾಯಿ ಒಡೆದರಾಯ್ತು" ಎಂದು ಅವರು ಕಾರು ಹತ್ತಿದರು.

ಅಷ್ಟರಲ್ಲಿ ಗುತ್ಯಪ್ಪ ಕಾರಿನ ಹಿಂದೆ ಹೋಗಿದ್ದ. ದೊಡ್ಡವರಿಗೆ ಕೊಡುವ ವಸ್ತು, ಪೈಪಿನ ಬಾಯಿ ಹಾಗೇ ತೆರೆದಿದೆ, ರಸ್ತೆಯ ಧೂಳು ಏಳುತ್ತಿದೆ. ಪೂಜೆಯ ತಟ್ಟೆಯಲ್ಲಿದ್ದ ತೆಂಗಿನಕಾಯಿಯನ್ನು ಅದಕ್ಕಿಟ್ಟು ಒತ್ತಿದ. ಸರಿಯಾಗಿ ಕೂತಿತು.

ಕಾರು ಗುರ್ ಅಂತು. ಕೆಮ್ಮಿತು. ಹಾಲಸ್ವಾಮಿ ಆಕ್ಸಿಲರೇಟರ್ ಒತ್ತಿದರು.

ಢಂ!

ಕಾಯಿ ಹಾರಿ ಹೋಗಿ ಕಾರಿನ ಹಿಂದಿದ್ದ ಕಲ್ಲುಗೋಡೆಗೆ ಬಡಿದು ಎರಡು ಹೋಳಾಯಿತು. ದುರುಗವ್ವ ಕಣ್ಣು ಮುಚ್ಚಿಕೊಂಡಳು. ಹೋಯಿತು, ಇದೂ ಹೋಯಿತು ಅಂದುಕೊಂಡಳು.

ಹಾಲಸ್ವಾಮಿ ಇಳಿದು ಬಂದು ಎರಡು ಹೋಳನ್ನೂ ಎತ್ತಿಕೊಂಡರು. ಒಂದಕ್ಕೊಂದು ಕೂಡಿಸಿ ನೋಡಿದರು.

"ಇಷ್ಟು ವರ್ಷ ಕಾಯಿ ಒಡೆದಿದ್ದೀನಿ ಸಾಬ್ರೇ, ಒಂದು ಸಲವೂ ಹಿಂಗೆ ಸಮ ಬಂದಿಲ್ಲ. ಪೈಪಿನ ಜೋರು ಹೆಂಗಿರ್ತದೋ ಅನ್ನೋ ಅನುಮಾನವಿತ್ತು, ಅದೂ ಹೋಯ್ತು." ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಾರು ಹತ್ತಿ ಹೋದರು.

ಸಾಬರು ದುರುಗವ್ವನ ಕಡೆ ತಿರುಗಿದರು. "ನಾಳೆ ಒಂಬತ್ತಕ್ಕೆ ಕಳಿಸವ್ವಾ. ದಿನಾ ಕಳಿಸು."

ದುರುಗವ್ವ ಅಲ್ಲೇ ಒಂದು ಹಳೇ ಟೈರಿನ ಮೇಲೆ ಕೂತು ಮಗನ ಕೈ ಹಿಡಿದುಕೊಂಡಳು. ಕಣ್ಣೀರು ಅವನ ಕೈ ಮೇಲೆ ಬಿತ್ತು. ಗುತ್ಯಪ್ಪ ಕೈ ನೋಡಿಕೊಂಡ. ಎದ್ದು ಹೋಗಿ ಒಂದು ಬಕೆಟ್ ನೀರು ತಂದು ಅವ್ವನ ತಲೆಯ ಮೇಲೆ ಸುರಿದ.

"ಬಿಸಿ ಇತ್ತವ್ವಾ" ಅಂದ.

ದುರುಗವ್ವ ಸೆರಗು ಹಿಂಡುತ್ತಾ ಬುದ್ಧಿ ಹೇಳಲು ಬಾಯಿ ತೆರೆದಳು. ಗುತ್ಯಪ್ಪ ಕೇಳಿಸಿಕೊಳ್ಳಲು ಕೈಕಟ್ಟಿ ನಿಂತ. ಈಗ ಏನು ಹೇಳಿದರೂ ಬೆಳಗಾದರೆ ಗ್ಯಾರೇಜಿಗೆ ಹೋಗಿ ಅದನ್ನೇ ಮಾಡುವವನು ಎಂಬುದು ನೆನಪಾಗಿ ಅವಳು ಬಾಯಿ ಮುಚ್ಚಿಕೊಂಡಳು.