ಪಡಸಾಲೆಗೆ ವಾಟ ಕೊಟ್ಟ ಅಜ್ಜಾರು

ಕಲ್ಲಹೊಂಡದ ಮಠವೆಂದರೆ ಗೋಪುರ, ಕಳಸ ಎಂದೆಲ್ಲ ಎಣಿಸಬೇಡಿ. ಎರಡು ಕೋಣೆ, ಒಂದು ಬಾವಿ, ಮುಂದೊಂದು ಪಡಸಾಲೆ, ಇಷ್ಟೇ. ಪರಮಪೂಜ್ಯ ಶ್ರೀ ಗುರುಶಾಂತ ಶಿವಯೋಗಿಗಳು, ಭಕ್ತರ ಬಾಯಲ್ಲಿ ಬರೀ ಅಜ್ಜಾರು, ಅಲ್ಲಿ ನಾಟಿ ಔಷಧ ಅರೆದು ಕೊಡುತ್ತಿದ್ದರು. ಊರೂರಿಂದ ಬಂದ ರೋಗಿಗಳು ಗುಣವಾಗುವತನಕ ಆ ಪಡಸಾಲೆಯಲ್ಲೇ ಮಲಗುತ್ತಿದ್ದರು.

ಒಂದು ಬೇಸಿಗೆ ಶೆಟ್ಟರ ಅಂದಾನಪ್ಪನವರು ಮುಂದೆ ನಿಂತು ಪಡಸಾಲೆಗೆ ಕಲ್ಲುಚಪ್ಪಡಿಯ ಮಾಳಿಗೆ ಹೊದಿಸಿ, ಮೇಲೆ ಗಾರೆ ಹಾಕಿಸಿದರು. ಬೇಡವೆಂದರೂ ಕೇಳದೆ ಅಜ್ಜಾರಿಗೆಂದು ಇಟ್ಟಿಗೆಯ ದೊಡ್ಡ ಪೀಠವನ್ನೂ ಕಟ್ಟಿಸಿದರು. ಕೆಲಸ ಮಾಡಿದವನು ಗೌಂಡಿ ಯಮನೂರಪ್ಪ. ಕೈ ಬಂಗಾರ, ಬಾಯಿ ಬೇವು. ಪೀಠದ ಮೂರನೆಯ ಮೆಟ್ಟಿಲು ಕಟ್ಟುವಾಗ, "ಸನ್ಯಾಸಿ ಆದ್ರೂ ಎತ್ತರಕ್ಕ ಕುಂಡ್ರೂದು ಬಿಡೂದಿಲ್ಲ ನೋಡ್ರಿ" ಎಂದು ಎಲ್ಲರೆದುರೇ ಆಡಿದ್ದ. ಅದು ಅಜ್ಜಾರ ಕಿವಿಗೂ ಬಿದ್ದಿತ್ತು. ನಕ್ಕಿದ್ದರು.

ಯಮನೂರಪ್ಪನ ಹೆಮ್ಮೆಯೆಂದರೆ ಅವನ ರಸಮಟ್ಟ. ಅವನು ತಿಕ್ಕಿದ ಗಾರೆಯ ಮೇಲೆ ಗೋಲಿ ಇಟ್ಟರೆ ಅಲ್ಲಾಡಬಾರದು. ಹಾಗೆಯೇ ಆಯಿತು. ಮಳೆ ಬಿದ್ದಾಗ ನೀರು, ಹೊರಗೆ ಬೀಳಲೆಂದು ಅಂಚಿನಲ್ಲಿಟ್ಟ ದೋಣಿಯ ಕಡೆ ಹರಿಯಲೇ ಇಲ್ಲ. ಎರಡು ದಿನ ಮಾಳಿಗೆಯ ಮೇಲೇ ನಿಂತು, ಮೂರನೆಯ ದಿನ ಚಪ್ಪಡಿಯ ಸಂದಿಯಿಂದ ತೊಟ್ಟಿಕ್ಕಿತು. ಜ್ವರದಲ್ಲಿ ನಡುಗುತ್ತಿದ್ದ ಹೆಣ್ಣುಮಗಳೊಬ್ಬಳ ಹಾಸಿಗೆ ತೊಯ್ದು ತೊಪ್ಪೆಯಾಯಿತು.

ಅಂದಾನಪ್ಪನವರಿಗೆ ಪಿತ್ತ ನೆತ್ತಿಗೇರಿತು. ಗದಗಿನಿಂದ ಬೇರೆ ಗೌಂಡಿಯನ್ನು ಕರೆಸುತ್ತೇವೆಂದು ಸಾರಿಬಿಟ್ಟರು. ಮಠದ ಸೂರು ಸೋರಿಸಿದವನಿಗೆ ಆ ಸೀಮೆಯಲ್ಲಿ ಮತ್ತೆ ಯಾರು ಕೆಲಸ ಕೊಟ್ಟಾರು? ಯಮನೂರಪ್ಪ ಜಗಳಕ್ಕೇ ಬಂದ. "ನನ್ನ ಕೆಲಸದಾಗ ಕೂದಲೆಳಿಯಷ್ಟು ತಪ್ಪಿಲ್ಲ" ಎಂದ.

ಅಜ್ಜಾರು ಒಂದು ಕೊಡ ನೀರು ಹೊತ್ತು ನಿಚ್ಚಣಿಕೆ ಹತ್ತಿದರು. ಎಪ್ಪತ್ತರ ವಯಸ್ಸು, ಕೆಳಗಿದ್ದವರ ಜೀವ ಬಾಯಿಗೆ ಬಂದಿತ್ತು. ಯಮನೂರಪ್ಪನೂ ಹಿಂದೆಯೇ ಹತ್ತಿದ. ಅಜ್ಜಾರು ಸುರಿದ ನೀರು ಸುತ್ತಲೂ ಹರಡಿ, ಅಲ್ಲೇ ನಿಂತುಬಿಟ್ಟಿತು.

"ಮಟ್ಟ ಭೇಷ್ ಐತಿ ಯಮನೂರಪ್ಪ. ನೀರಿಗೆ ಹೋಗಾಕ ದಾರಿ ಇಲ್ಲ, ಅಷ್ಟ" ಎಂದರು.

ಅವನ ತಲೆ ತಗ್ಗಿತು. "ವಾಟ ಕೊಡಬೇಕಿತ್ರೀ ಅಜ್ಜಾರ. ಗೋಡಿ ಕಡೆ ಎತ್ತರ ಮಾಡಿ ದೋಣಿ ಕಡೆ ಇಳಿಸಬೇಕಿತ್ತು. ಮಟ್ಟದ ಗುಂಗಿನಾಗ ಮರತೆ. ಈಗ ಮಾಡೂನಂದ್ರ ಇಟ್ಟಿಗಿ ಚೂರು ಬೇಕು. ಮಳಿಗಾಲದಾಗ ಭಟ್ಟಿ ಬಂದ್. ದೀಪಾವಳಿ ತನಕ ಒಂದು ಇಟ್ಟಿಗಿ ಸಿಗೂದಿಲ್ಲ."

ಅಜ್ಜಾರು ಕೆಳಗಿಳಿದರು. ಅವನದೇ ಸುತ್ತಿಗೆ ಎತ್ತಿಕೊಂಡು ನೇರ ಪೀಠದ ಬಳಿಗೆ ಹೋಗಿ ಮೊದಲ ಏಟು ತಾವೇ ಹಾಕಿದರು.

"ಅಜ್ಜಾರ, ಅದು ನಿಮ್ಮ ಪೀಠರೀ" ಎಂದು ಅಂದಾನಪ್ಪನವರು ಕೈ ಅಡ್ಡ ಒಡ್ಡಿದರು.

"ಇದು ಕೆಳಗಿದ್ರ ಒಬ್ಬಾಂವ ಕುಂಡ್ರತಾನ. ಮ್ಯಾಲೆ ಹೋದ್ರ ಇಪ್ಪತ್ತು ಮಂದಿ ಬೆಚ್ಚಗ ಮಲಗ್ತಾರ. ಯಮನೂರಪ್ಪನ ಬಿಟ್ಟು ಬ್ಯಾರೆ ಯಾರೂ ಆ ಮಾಳಿಗಿ ಮುಟ್ಟಬ್ಯಾಡ್ರಿ" ಎಂದರು.

ಎತ್ತರದ ಮಾತಾಡಿದ್ದ ಯಮನೂರಪ್ಪ ಅಲ್ಲೇ ಕುಸಿದು ಕೂತು ಗಳಗಳನೆ ಅತ್ತ. ಆಮೇಲೆ ಎದ್ದು ಅಜ್ಜಾರ ಕೈಯಿಂದ ಸುತ್ತಿಗೆ ಇಸಿದುಕೊಂಡ.

ಗುರುಕೃಪೆಯೆನ್ನಿ, ಎಂಟು ದಿನ ಮಳೆ ಹೊಳವಾಯಿತು. ಪೀಠದ ಚೂರಿಗೆ ಸುಣ್ಣ ಬೆರೆಸಿ ಅವನು ವಾಟ ಎಳೆದ. ಮುಂದಿನ ಮಳೆಗೆ ನೀರೆಲ್ಲ ದೋಣಿಯಿಂದ ಧುಮುಕಿತು, ಒಳಗೆ ಒಂದು ಹನಿ ಬೀಳಲಿಲ್ಲ. ದೀಪಾವಳಿ ಕಳೆದ ಮೇಲೆ ಅವನು ಹೊಸ ಪೀಠ ಕಟ್ಟುತ್ತೇನೆಂದು ಗಾಡಿ ತುಂಬ ಇಟ್ಟಿಗೆ ತಂದ. "ಬಾವಿಕಟ್ಟಿ ಸವದೈತಿ ನೋಡು" ಎಂದು ಅಜ್ಜಾರು ಆ ಇಟ್ಟಿಗೆಯನ್ನೆಲ್ಲ ಬಾವಿಯ ಕಡೆ ಕಳಿಸಿದರು. ಕೊನೆಯವರೆಗೂ ಅವರು ಕೂತಿದ್ದು ರೋಗಿಗಳ ನಡುವೆ, ಗೋಣಿತಟ್ಟಿನ ಮೇಲೆ.

ಅಜ್ಜಾರು ಲಿಂಗೈಕ್ಯರಾದ ಮೇಲೆಯೂ ಪ್ರತಿ ಸೋಮವಾರ ಮಾಳಿಗೆಯ ಕಸ ಬಳಿಯಲು ಯಮನೂರಪ್ಪ ಬರುತ್ತಿದ್ದ. ಹತ್ತುವ ಮುನ್ನ ನಿಚ್ಚಣಿಕೆಗೆ ಹಣೆ ಹಚ್ಚುತ್ತಿದ್ದ, ಚಪ್ಪಲಿ ಕೆಳಗೇ ಬಿಡುತ್ತಿದ್ದ. ದೂರದಿಂದ ಬಂದ ಭಕ್ತರು ಪಡಸಾಲೆಯಲ್ಲಿ ಕೂತು ಸುತ್ತಲೂ ನೋಡಿ, "ಅಜ್ಜಾರ ಪೀಠ ಎಲ್ಲೈತ್ರಿ?" ಎಂದು ಅವನನ್ನು ಕೇಳುತ್ತಿದ್ದರು.

ಮುದುಕನಾಗಿದ್ದ ಯಮನೂರಪ್ಪ ಬೆರಳು ಮೇಲೆತ್ತಿ ಮಾಳಿಗೆ ತೋರಿಸುತ್ತಿದ್ದ. "ಅದರ ಕೆಳಗ ಕುಂತೀರಲ್ರಿ."