ಮರಿಯ ದನಿ

ಮುಸ್ಸಂಜೆಯ ಹೊತ್ತು ಬಿಲದ ಬಾಯಲ್ಲಿ ಮರಿಯ ದನಿ ಕೇಳಿ ತಾಯಿ ಮುಂಗುಸಿ ಬೆಚ್ಚಿಬಿತ್ತು.

“ಅವ್ವಾ, ಉರುಳಿಗೆ ಸಿಕ್ಕಿದ್ದೇನೆ. ಬೇಗ ಬಾ. ಯಾರಿಗೂ ಹೇಳಬೇಡ!”

ತಾಯಿ ಹೊರಗೆ ನುಗ್ಗುವಷ್ಟರಲ್ಲಿ ಅಜ್ಜಿ ಮುಂಗುಸಿ ಅಡ್ಡ ನಿಂತಿತು. “ತಾಳು. ಕಷ್ಟದಲ್ಲಿರುವ ಮಗು ಎಲ್ಲರನ್ನೂ ಕೂಗುತ್ತದೆ, ಯಾರಿಗೂ ಹೇಳಬೇಡ ಎನ್ನುವುದಿಲ್ಲ. ಅವಳಿಗಷ್ಟೇ ಗೊತ್ತಿರುವುದನ್ನು ಏನಾದರೂ ಕೇಳು.”

“ನನ್ನ ಕಂದ ಸಾಯುತ್ತಿದ್ದಾಳೆ ಅತ್ತೆ!”

“ಕೇಳು.”

ತಾಯಿ ಕೂಗಿತು. “ಮಗಳೇ, ಬೆಳಿಗ್ಗೆ ನಾವು ಏನು ತಿಂದೆವು?”

“ಅವ್ವಾ, ಉರುಳಿಗೆ ಸಿಕ್ಕಿದ್ದೇನೆ. ಬೇಗ ಬಾ. ಯಾರಿಗೂ ಹೇಳಬೇಡ!”

ಅದೇ ಮಾತು, ಅದೇ ಅಳು. ತಾಯಿಯ ಮೈಮೇಲಿನ ಕೂದಲು ನಿಮಿರಿತು.

ಅಷ್ಟರಲ್ಲಿ ಹಿಂದಿನ ಕಿಂಡಿಯಿಂದ ಮರಿ ಒಳಗೆ ನುಸುಳಿ ಬಂತು. ಅದು ಏದುಸಿರು ಬಿಡುತ್ತ ಕೇಳಿತು: “ಅವ್ವಾ, ಹೊರಗೆ ನರಿಯ ಪಕ್ಕದಲ್ಲಿ ಒಂದು ಕಾಜಾಣ ಹಕ್ಕಿ ಕುಳಿತಿದೆ. ಅದು ನನ್ನ ದನಿಯಲ್ಲಿ ಯಾಕೆ ಅಳುತ್ತಿದೆ?”

ತಾಯಿ ಮರಿಯನ್ನು ಎದೆಗೆ ಅವುಚಿಕೊಂಡಿತು.

ಆಮೇಲೆ ತಾಯಿಯ ದನಿ ಹೊರಗಿನಿಂದ ಕೇಳಿಸಿತು. “ಮಗಳೇ, ನಾನು ಇಲ್ಲಿದ್ದೇನೆ. ಬೇಗ ಬಾ.”

ಮರಿ ತಲೆಯೆತ್ತಿ ತಾಯಿಯ ಮುಖ ನೋಡಿತು. ತಾಯಿ ಬಾಯಿ ತೆರೆದಿರಲಿಲ್ಲ.