ಕರೆಂಟ್ ಉಳಿಸಿದ ನೀಲವ್ವ

ರಾಣೆಬೆನ್ನೂರಿನ ನೀಲವ್ವ ಮನೆಯಲ್ಲೇ ಕುಳಿತು ಲಗ್ನಪತ್ರಿಕೆ ಟೈಪ್ ಮಾಡಿಕೊಡುವವಳು. ಒಂದು ಮಧ್ಯಾಹ್ನ ಅವಳ ಕಂಪ್ಯೂಟರಿಗೆ ಇಮೇಲ್ ಬಂತು. 'ಮಾನ್ಯ ಮನೆ ಮಾಲೀಕರೇ, ಮನೆಯಲ್ಲಿ ಕರೆಂಟ್ ಉಳಿಸುವವರಿಗೆ ಸರ್ಕಾರದ ಸಹಾಯಧನ. ಇವತ್ತೇ ಕೊನೆ ದಿನ. ಕೆಳಗಿನ ಲಿಂಕ್ ಒತ್ತಿ, ಬ್ಯಾಂಕ್ ಖಾತೆಯ ವಿವರ ತುಂಬಿ.'

ಬಾಡಿಗೆ ಮನೆಯವಳನ್ನು ಮಾಲೀಕಳನ್ನಾಗಿ ಮಾಡಿದ ಪುಣ್ಯಾತ್ಮ ಯಾರಪ್ಪಾ ಎಂದು ನೀಲವ್ವ ನಗುತ್ತಿರುವಾಗಲೇ ಫೋನ್ ಬಡಿದುಕೊಂಡಿತು.

"ನಾನು ವಿದ್ಯುತ್ ಉಳಿತಾಯ ಯೋಜನೆಯ ದೊಡ್ಡ ಸಾಹೇಬ. ಲಿಂಕ್ ಯಾಕೆ ಒತ್ತಿಲ್ಲ? ಈಗಲೇ ಒತ್ತದಿದ್ದರೆ ನಿಮ್ಮ ಮನೆಯ ಕನೆಕ್ಷನ್ನೇ ಕಟ್!"

"ಅಯ್ಯ, ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ನಿಮ್ಮ ಪತ್ರ ಓದಿದ ಕೂಡ್ಲೇ ಕಂಪ್ಯೂಟರ್ ಬಂದ್ ಮಾಡೇನ್ರಿ. ಕರೆಂಟ್ ಉಳೀಬೇಕಲ್ರಿ?"

"ಆನ್ ಮಾಡ್ರೀ ಅದನ್ನ!"

"ಫ್ಯಾನೂ ಬಂದ್ ಮಾಡೇನ್ರಿ, ಬೆವರು ಸುರ್ಯಾಕತ್ತೈತಿ. ಫ್ರಿಜ್ಜಿನ ವೈರೂ ಕಿತ್ತೇನ್ರಿ. ಮೊಸರು ಹುಳಿ ಆದ್ರ ಆಗ್ಲಿ, ಸರ್ಕಾರಕ್ಕ ಛಲೋ ಆಗ್ಲಿ."

"ಮೊಸರು ಹಾಳಾಗಿ ಹೋಗಲಿ! ಮೊದಲು ಕಂಪ್ಯೂಟರ್ ಆನ್ ಮಾಡಿ!"

"ಮಾಡಿದ್ರ ಮೀಟರ್ ತಿರಗತೈತಲ್ರಿ. ಆಮ್ಯಾಲ ನೀವ ಬಂದು, ಇಕಿ ಕರೆಂಟ್ ಉಳಿಸಿಲ್ಲ ಅಂತ ಸಹಾಯಧನ ತಡದ್ರ?"

ಸಾಹೇಬನ ತಾಳ್ಮೆಯ ಕಟ್ಟೆ ಒಡೆಯಿತು. "ಮೀಟರ್ ತಿರುಗಿದರೆ ತಿರುಗಲಿ! ಕರೆಂಟ್ ಉಳಿಸು ಅಂತ ನಿನಗೆ ಹೇಳಿದವರು ಯಾರು?"

"ನೀವ ಅಲ್ಲೇನ್ರಿ?" ಎಂದಳು ನೀಲವ್ವ.

ಆ ಕಡೆಯಿಂದ ಫೋನ್ ಕಟ್ ಆಯಿತು.

"ಸಾಹೇಬ್ರೂ ಉಳಿತಾಯ ಶುರು ಮಾಡಿದ್ರು ನೋಡು" ಎಂದುಕೊಂಡ ನೀಲವ್ವ, ಗಿರ್ರನೆ ತಿರುಗುತ್ತಿದ್ದ ಫ್ಯಾನಿನ ಕೆಳಗೆ ಕುಳಿತೇ, ಕಂಪ್ಯೂಟರಿನಲ್ಲಿದ್ದ ಆ ಇಮೇಲನ್ನು ಅಳಿಸಿ ಹಾಕಿದಳು.